ಎದೆಯನ್ನು ತಟ್ಟಿ ನೋಡುವುದೇಕೆ?

ನಮ್ಮ ಪತ್ರಿಕೆಯನ್ನು ತಪ್ಪದೆ ಓದುತ್ತಿರುವ ಸೋದರಿಯೊಬ್ಬರು ಹೋದ ತಿಂಗಳು ನಮಗೊಂದು ಕಾಗದವನ್ನು ಬರೆದಿದ್ದಾರೆ. ಅವರ ಅತ್ತೆಯವರಿಗೆ ಬಹುದಿನಗಳಿಂದ ಕೆಮ್ಮು. ವೈದ್ಯರ ಬಳಿಗೆ ಕರೆದುಕೊಂಡು ಹೋದಾಗ ಅವರು ತಮ್ಮ ಎಡಗೈಯ ಬೆರಳೊಂದನ್ನು ಆ ಹಿರಿಯರ ಬೆನ್ನಿನ ಮೇಲೆ ಊರಿ, ಬಲಗೈಯ ಬೆರಳಿನಿಂದ ಅದರ ಮೇಲೆ ಟಕಟಕನೆ ತಟ್ಟುತ್ತ ಮೇಲಿನಿಂದ ಕೆಳಗಿನವರೆಗೂ ಹೋದರಂತೆ. “ನಾವು ಸಂತೆಯಲ್ಲಿ ಹಲಸಿನಹಣ್ಣನ್ನು ತಟ್ಟಿ ನೋಡುವ ಹಾಗೆಯೇ ಇತ್ತು. ಎಕ್ಸ್‌ರೇ ಚಿತ್ರವನ್ನು ಒಂದು ಗಳಿಗೆಯಲ್ಲಿ ತೆಗೆಯುವ ಈ ಕಾಲದಲ್ಲಿ ಇದೇನು ಹಳೆಯ ಆಟ? ಹೀಗೆ ತಟ್ಟಿದರೆ ತಿಳಿಯುವುದಾದರೂ ಏನು?” ಎಂದು ಅವರು ಕೇಳಿದ್ದಾರೆ. ಪ್ರಶ್ನೆಯು ಚಿಕ್ಕದು. ಆದರೆ ಅದಕ್ಕೆ ಉತ್ತರ ಹೇಳಹೊರಟರೆ ಎದೆಯ ರೋಗಗಳನ್ನು ಮನುಷ್ಯನು ಕಂಡುಹಿಡಿದ ಕಥೆಯನ್ನೇ ಹೇಳಬೇಕಾಗುತ್ತದೆ. ಆದುದರಿಂದ ಈ ತಿಂಗಳ ಪುಟಗಳನ್ನು ಅದಕ್ಕಾಗಿಯೇ ಮೀಸಲಿಟ್ಟಿದ್ದೇವೆ.

ಹಲಸಿನಹಣ್ಣಿನ ಹೋಲಿಕೆಯನ್ನು ಕೊಟ್ಟ ಸೋದರಿಯವರು ಅರ್ಧ ಉತ್ತರವನ್ನು ತಾವೇ ಹೇಳಿಬಿಟ್ಟಿದ್ದಾರೆ. ಕುಂಬಾರನಲ್ಲಿ ಹೊಸ ಗಡಿಗೆಯನ್ನು ಕೊಳ್ಳುವಾಗ ನಮ್ಮ ತಾಯಂದಿರು ಬೆರಳಿನ ಗೆಣ್ಣಿನಿಂದ ಬಡಿದು ನೋಡುತ್ತಾರೆ. ಢಣ್ ಎಂದರೆ ಒಳ್ಳೆಯದು, ಬೊದ್ದೆಂದರೆ ಎಲ್ಲಿಯೋ ಬಿರುಕಿದೆ ಎಂದು ತಿಳಿಯುತ್ತಾರೆ. ಎಣ್ಣೆಯ ಡಬ್ಬದಲ್ಲಿ ಎಣ್ಣೆಯು ಎಲ್ಲಿಯವರೆಗೆ ಇದೆಯೆಂಬುದನ್ನು ಮುಚ್ಚಳವನ್ನು ತೆರೆಯದೆಯೇ ಹೊರಗಿನಿಂದ ತಟ್ಟಿ ಹೇಳಬಹುದು. ಗಾಳಿಯಿರುವ ಕಡೆ ದನಿಯು ಮೊಳಗುತ್ತದೆ, ಎಣ್ಣೆಯಿರುವ ಕಡೆ ಮಂದವಾಗುತ್ತದೆ. ನಮ್ಮ ಎದೆಯೂ ಗಾಳಿ ತುಂಬಿದ ಒಂದು ಗೂಡೇ ಸರಿ. ಶ್ವಾಸಕೋಶವು ಸರಿಯಾಗಿದ್ದರೆ ತಟ್ಟಿದಾಗ ಟೊಳ್ಳಾದ ದನಿಯು ಬರುತ್ತದೆ. ನ್ಯುಮೋನಿಯಾ ಆಗಿ ಶ್ವಾಸಕೋಶದ ಒಂದು ಭಾಗವು ಗಟ್ಟಿಯಾಗಿದ್ದರೆ ಅಲ್ಲಿ ದನಿಯು ಕುಂದುತ್ತದೆ. ಶ್ವಾಸಕೋಶದ ಹೊರಗೆ ನೀರು ಸೇರಿದ್ದರೆ ಕಲ್ಲನ್ನು ತಟ್ಟಿದಂತೆ ಕೇಳಿಸುತ್ತದೆ.

ಇಷ್ಟು ಸುಲಭವಾದುದನ್ನು ಕಂಡುಕೊಳ್ಳಲು ವೈದ್ಯರಿಗೆ ಸಾವಿರಾರು ವರ್ಷಗಳು ಬೇಕಾದವು. ರೋಗವನ್ನು ಅವರು ಅರಿತಿರಲಿಲ್ಲವೆಂದಲ್ಲ. ನಮ್ಮ ಚರಕಸಂಹಿತೆಯಲ್ಲಿ ರಾಜಯಕ್ಷ್ಮಕ್ಕೆ ಒಂದು ಅಧ್ಯಾಯವೇ ಇದೆ. ಕೆಮ್ಮು, ಜ್ವರ, ರಕ್ತ ಕಾರುವುದು, ದನಿ ಕೆಡುವುದು, ಅನ್ನ ಸೇರದಿರುವುದು ಮುಂತಾದ ಹನ್ನೊಂದು ಲಕ್ಷಣಗಳನ್ನು ಅಲ್ಲಿ ಎಣಿಸಿದ್ದಾರೆ. ಇಪ್ಪತ್ತೇಳು ಹೆಂಡಿರಲ್ಲಿ ರೋಹಿಣಿಯೊಬ್ಬಳನ್ನೇ ಮೆಚ್ಚಿದ ಚಂದ್ರನು ಮಾವನಾದ ದಕ್ಷನ ಶಾಪದಿಂದ ಈ ರೋಗಕ್ಕೆ ತುತ್ತಾದನೆಂಬ ಕಥೆಯನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರಷ್ಟೆ. ಗ್ರೀಸ್ ದೇಶದ ಹಳೆಯ ವೈದ್ಯರೂ ರೋಗಿಯ ಎದೆಗೆ ಕಿವಿಯಿಟ್ಟು ಒಮ್ಮೊಮ್ಮೆ ಆಲಿಸಿದ್ದುಂಟು. ಆದರೆ ಒಟ್ಟಿನಲ್ಲಿ ನಾಡಿಯನ್ನು ಹಿಡಿದು, ನಾಲಗೆಯನ್ನು ನೋಡಿ, ಮೂತ್ರವನ್ನು ಪರೀಕ್ಷಿಸಿ, ರೋಗಿಯು ಹೇಳಿದುದನ್ನು ಕೇಳಿ ಊಹೆ ಮಾಡುವುದೇ ಎಲ್ಲ ದೇಶಗಳಲ್ಲಿಯೂ ಪದ್ಧತಿಯಾಗಿದ್ದಿತು. ಎದೆಯ ಒಳಗಡೆ ಈ ಹೊತ್ತು, ಈ ಗಳಿಗೆಯಲ್ಲಿ ಏನಾಗುತ್ತಿದೆಯೆಂಬುದು ರೋಗಿಯು ಸತ್ತ ಮೇಲಲ್ಲದೆ ಯಾರಿಗೂ ತಿಳಿಯುವಂತಿರಲಿಲ್ಲ.

ಲಿಯೋಪೋಲ್ಡ್ ಔಯೆನ್‌ಬ್ರುಗ್ಗರ್ ಎಂಬಾತನು 1722ನೆಯ ಇಸವಿಯಲ್ಲಿ ಆಸ್ಟ್ರಿಯಾ ದೇಶದ ಗ್ರಾಟ್ಸ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಪಯಣಿಗರಿಗೆ ಊಟ ವಸತಿಗಳನ್ನು ಒದಗಿಸುವ ಛತ್ರದಂತಹ ಮನೆಯನ್ನು ನಡೆಸುತ್ತಿದ್ದನು. ನೆಲಮಾಳಿಗೆಯಲ್ಲಿದ್ದ ಮರದ ಪೀಪಾಯಿಗಳನ್ನು ತಟ್ಟಿ ಅವುಗಳಲ್ಲಿ ದ್ರಾಕ್ಷಾರಸವು ಎಷ್ಟು ಉಳಿದಿದೆಯೆಂದು ತಂದೆಯು ತಿಳಿಯುತ್ತಿದ್ದುದನ್ನು ಹುಡುಗನು ನೋಡಿದ್ದನೆಂದೂ, ಮುಂದೆ ವಿಯೆನ್ನಾ ನಗರದಲ್ಲಿ ವೈದ್ಯನಾದಾಗ ಅದೇ ಉಪಾಯವು ನೆನಪಿಗೆ ಬಂದಿತೆಂದೂ ಹೇಳುವುದುಂಟು. ಅದು ಹೇಗಾದರೂ ಇರಲಿ, ಆತನು ಸಂಗೀತವನ್ನು ಚೆನ್ನಾಗಿ ಬಲ್ಲವನಾಗಿದ್ದನು. ಸಾಲಿಯೇರಿ ಎಂಬ ಪ್ರಸಿದ್ಧ ಸಂಗೀತಗಾರನಿಗೆ ಒಂದು ಗೀತನಾಟಕವನ್ನೂ ಬರೆದುಕೊಟ್ಟಿದ್ದನು. ಸಣ್ಣ ದನಿಭೇದವನ್ನು ಹಿಡಿಯುವ ಕಿವಿಯು ಆತನಿಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಅಲ್ಲಿಯ ಸ್ಪ್ಯಾನಿಷ್ ಆಸ್ಪತ್ರೆಯಲ್ಲಿ ಏಳು ವರ್ಷಗಳ ಕಾಲ ರೋಗಿಗಳ ಎದೆಯನ್ನು ಬೆರಳ ತುದಿಗಳಿಂದ ತಟ್ಟಿ ಕೇಳಿದನು. ಸತ್ತವರ ದೇಹವನ್ನು ತೆರೆದು, ತಾನು ಕೇಳಿದುದು ನಿಜವೇ ಎಂದು ನೋಡಿದನು. ಹೆಣದ ಎದೆಗೆ ನೀರನ್ನು ತುಂಬಿ, ದನಿಯು ಎಲ್ಲಿ ಬದಲಾಗುವುದೆಂದು ಗುರುತುಮಾಡಿದನು. 1761ರಲ್ಲಿ ಇದನ್ನೆಲ್ಲ ನೂರು ಪುಟಗಳನ್ನೂ ಮೀರದ ಒಂದು ಲ್ಯಾಟಿನ್ ಪುಸ್ತಕವಾಗಿ ಪ್ರಕಟಿಸಿದನು. ಆರೋಗ್ಯವಂತನ ಎದೆಯು ದಪ್ಪ ಕಂಬಳಿಯನ್ನು ಹೊದಿಸಿದ ಮದ್ದಳೆಯ ಹಾಗೆ ದನಿಗೊಡುವುದೆಂದು ಆತನು ಅದರಲ್ಲಿ ಹೇಳಿದುದು ಇಂದಿಗೂ ಒಪ್ಪುವ ಮಾತು.

ಪುಸ್ತಕವನ್ನು ಯಾರೂ ಗಮನಿಸಲಿಲ್ಲ. ದೊಡ್ಡ ದೊಡ್ಡ ಪಂಡಿತರಿದ್ದ ಆ ನಗರದಲ್ಲಿ ಕೆಲವರು ನಕ್ಕರು, ಉಳಿದವರು ಓದಲೇ ಇಲ್ಲ. ಹೀಗೆ ನಲವತ್ತೇಳು ವರ್ಷಗಳು ಕಳೆದ ಮೇಲೆ ನೆಪೋಲಿಯನ್ ಚಕ್ರವರ್ತಿಯ ವೈದ್ಯನಾದ ಕೋರ್ವಿಸಾರ್ ಎಂಬಾತನು ಆ ಪುಸ್ತಕವನ್ನು 1808ರಲ್ಲಿ ಫ್ರೆಂಚ್ ಭಾಷೆಗೆ ತಿರುಗಿಸಿ, ಮೂಲಕ್ಕಿಂತ ಎಷ್ಟೋ ಪಾಲು ದೊಡ್ಡದಾದ ವಿವರಣೆಯನ್ನು ಸೇರಿಸಿ ಪ್ರಕಟಿಸಿದನು. ತನ್ನದೇ ಹೆಸರಿನಲ್ಲಿ ಬರೆದು ಕೀರ್ತಿಯನ್ನು ಪಡೆಯಬಹುದಾಗಿದ್ದರೂ, ಕಂಡುಹಿಡಿದವನಿಗೆ ಸಲ್ಲಬೇಕಾದುದು ಅವನಿಗೇ ಸಲ್ಲಲೆಂದು ಆತನು ಮುನ್ನುಡಿಯಲ್ಲಿ ಸ್ಪಷ್ಟವಾಗಿ ತಿಳಿಸಿದನು. ವಿದ್ವಾಂಸರಲ್ಲಿ ಇಂತಹ ನಡತೆಯು ಎಲ್ಲ ಕಾಲದಲ್ಲಿಯೂ ಅಪರೂಪವಾದುದರಿಂದ ಇದನ್ನು ಇಲ್ಲಿ ಹೇಳಿದ್ದೇವೆ. ಮರುವರ್ಷವೇ ಔಯೆನ್‌ಬ್ರುಗ್ಗರನು ತೀರಿಕೊಂಡನು. ಬೆರಳಿನ ಮೇಲೆ ಬೆರಳಿಟ್ಟು ತಟ್ಟುವುದು ಮಾತ್ರ ಇನ್ನೂ ಸ್ವಲ್ಪ ಕಾಲದ ಮೇಲೆ ಬಂದದ್ದು. ಪಿಯೋರಿ ಎಂಬ ಫ್ರೆಂಚ್ ವೈದ್ಯನು 1820ರ ದಶಕದಲ್ಲಿ ಎದೆಯ ಮೇಲೆ ದಂತದ ಸಣ್ಣ ಬಿಲ್ಲೆಯೊಂದನ್ನಿಟ್ಟು ಅದರ ಮೇಲೆ ತಟ್ಟುತ್ತಿದ್ದನು. ಬಿಲ್ಲೆಗೆ ಬದಲಾಗಿ ತಮ್ಮ ಬೆರಳೇ ಸಾಕೆಂದು ವೈದ್ಯರು ಬೇಗನೆ ಕಂಡುಕೊಂಡರು.

ಕೋರ್ವಿಸಾರನ ಶಿಷ್ಯರಲ್ಲಿ ರೆನೆ ಲೆನೆಕ್ ಎಂಬವನೊಬ್ಬನಿದ್ದನು. 1781ರಲ್ಲಿ ಬ್ರಿಟನಿ ಪ್ರಾಂತದಲ್ಲಿ ಹುಟ್ಟಿದ ಈತನು ಚಿಕ್ಕಂದಿನಲ್ಲಿಯೇ ತಾಯಿಯನ್ನು ಕಳೆದುಕೊಂಡಿದ್ದನು. ಆಕೆಗೆ ಕ್ಷಯವಿದ್ದಿತೆಂದು ಹೇಳುತ್ತಾರೆ. ಬಡಕಲು ಶರೀರ, ಕೊಳಲನ್ನು ನುಡಿಸುವ ಹವ್ಯಾಸ. 1816ರಲ್ಲಿ ಪ್ಯಾರಿಸಿನ ನೆಕೆರ್ ಆಸ್ಪತ್ರೆಯ ವೈದ್ಯನಾಗಿದ್ದಾಗ ಹೃದಯರೋಗದ ಲಕ್ಷಣಗಳಿದ್ದ ಯುವತಿಯೊಬ್ಬಳು ಆತನ ಬಳಿಗೆ ಬಂದಳು. ಆಕೆಯ ಮೈ ತುಂಬ ದಪ್ಪವಾಗಿದ್ದುದರಿಂದ ತಟ್ಟಿ ನೋಡಿ ಪ್ರಯೋಜನವಿರಲಿಲ್ಲ. ಕಿವಿಯನ್ನು ನೇರವಾಗಿ ಎದೆಗೆ ಇಡೋಣವೆಂದರೆ ಆಕೆಯ ವಯಸ್ಸೂ ಸ್ತ್ರೀತನವೂ ಅಡ್ಡಬಂದವು. ಆಗ ಲೆನೆಕನು ಒಂದು ದಸ್ತು ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ, ಒಂದು ತುದಿಯನ್ನು ಆಕೆಯ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಹಚ್ಚಿದನು. ಕಿವಿಯನ್ನು ಎದೆಗೇ ಇಟ್ಟು ಕೇಳುವುದಕ್ಕಿಂತಲೂ ಸ್ಪಷ್ಟವಾಗಿ ಹೃದಯದ ಬಡಿತವು ಕೇಳಿಸಿತು. ಸಂಕೋಚವು ಕಾರ್ಯಕ್ಕೆ ಅಡ್ಡಿಯೆಂದು ಹೇಳುವವರು ಇದನ್ನು ಗಮನಿಸಬೇಕು. ಆ ಹೆಣ್ಣುಮಗಳ ಮಾನವನ್ನು ಕಾಯಬೇಕೆಂಬ ಎಣಿಕೆಯು ಇಲ್ಲದಿದ್ದರೆ ಸ್ಟೆತಾಸ್ಕೋಪು ಇನ್ನೆಷ್ಟು ವರ್ಷ ತಡವಾಗುತ್ತಿದ್ದಿತೋ ಯಾರು ಬಲ್ಲರು?

ಕಾಗದದ ಸುರುಳಿಯ ಬದಲಿಗೆ ಲೆನೆಕನು ತಾನೇ ಮರವನ್ನು ಕಡೆದು ಕೊಳವೆಗಳನ್ನು ಮಾಡಿಕೊಂಡನು. ಮೂರು ವರ್ಷಗಳ ಕಾಲ ಸಾಲುಸಾಲಾಗಿ ರೋಗಿಗಳ ಎದೆಯನ್ನು ಆಲಿಸಿ, ಕೇಳಿದ ಪ್ರತಿಯೊಂದು ಸದ್ದಿಗೂ ಒಂದು ಹೆಸರನ್ನು ಕೊಟ್ಟು, 1819ರಲ್ಲಿ ಎರಡು ಸಂಪುಟಗಳ ಗ್ರಂಥವನ್ನು ಹೊರತಂದನು. ಎದೆಯಲ್ಲಿ ನೀರು ಸೇರಿದವನು ಮಾತನಾಡಿದರೆ ಕೊಳವೆಯಲ್ಲಿ ಮೇಕೆಯು ಅರಚಿದಂತೆ ಕೇಳಿಸುವುದೆಂದೂ, ಕ್ಷಯದಿಂದ ಶ್ವಾಸಕೋಶದಲ್ಲಿ ಗುಳಿ ಬಿದ್ದಿದ್ದರೆ ಮಾತು ಬಾಯಿಂದಲ್ಲದೆ ಎದೆಯಿಂದಲೇ ಹೊರಟು ಕಿವಿಗೆ ಬರುವಂತೆ ತೋರುವುದೆಂದೂ ಆತನು ಬರೆದನು. ಇನ್ನೊಂದು ಸಂಗತಿಯು ನಮಗೆ ಬಹಳ ಮೆಚ್ಚಿಕೆಯಾದುದು. ಉಸಿರಿನೊಡನೆ ಕೇಳಿಬರುವ ಗೊರಗೊರ ಸದ್ದಿಗೆ ಆತನು ಫ್ರೆಂಚ್ ಭಾಷೆಯಲ್ಲಿ ‘ರಾಲ್’ ಎಂದು ಹೆಸರಿಟ್ಟಿದ್ದನು. ಆದರೆ ಸಾಯುವವರ ಗಂಟಲಲ್ಲಿ ಆಡುವ ಸದ್ದಿಗೂ ಜನರು ಅದೇ ಹೆಸರನ್ನು ಹೇಳುತ್ತಿದ್ದುದರಿಂದ, ವೈದ್ಯರು ತಮ್ಮತಮ್ಮೊಳಗೆ ಆಡಿಕೊಂಡ ಆ ಮಾತು ಕಿವಿಗೆ ಬಿದ್ದರೆ ಹಾಸಿಗೆಯಲ್ಲಿದ್ದ ರೋಗಿಯು ಹೆದರಿಬಿಡುವನು. ಇದನ್ನು ಅರಿತ ಲೆನೆಕನು ರೋಗಿಯ ಎದುರಿಗೆ ಅದಕ್ಕೆ ಬದಲಾಗಿ ಒಂದು ಲ್ಯಾಟಿನ್ ಪದವನ್ನೇ ಬಳಸತೊಡಗಿದನು. ಇಂಗ್ಲಿಷಿನಲ್ಲಿ ಮಾತನಾಡಿಕೊಂಡು ರೋಗಿಯನ್ನು ಇನ್ನಷ್ಟು ಗಾಬರಿಪಡಿಸುವ ನಮ್ಮ ಕಾಲದ ಕೆಲವು ವೈದ್ಯರಿಗೂ ಇವನಿಗೂ ಎಷ್ಟು ಅಂತರ!

ಕ್ಷಯದ ಸದ್ದುಗಳಿಗೆಲ್ಲ ಹೆಸರಿಟ್ಟ ಲೆನೆಕನು ಕ್ಷಯದಿಂದಲೇ 1826ನೆಯ ಆಗಸ್ಟ್ 13ರಂದು, ನಲವತ್ತೈದನೆಯ ವಯಸ್ಸಿನಲ್ಲಿ, ತನ್ನ ಊರಿನ ಮನೆಯಲ್ಲಿ ತೀರಿಕೊಂಡನು. ಕೊನೆಯ ದಿನಗಳಲ್ಲಿ ತನ್ನ ಎದೆಗೆ ಕೊಳವೆಯನ್ನಿಟ್ಟು ಕೇಳಿದುದನ್ನು ಹೇಳೆಂದು ಅಣ್ಣನ ಮಗನಂತಿದ್ದ ಬಂಧುವಾದ ಮೇರಿಯಾದೆಕನನ್ನು ಕೇಳಿಕೊಂಡನಂತೆ. ಕೇಳಿದ ಲಕ್ಷಣಗಳ ಅರ್ಥವು ಆತನಿಗಿಂತ ಚೆನ್ನಾಗಿ ಲೋಕದಲ್ಲಿ ಇನ್ನಾರಿಗೆ ತಿಳಿದಿದ್ದಿತು!

ಇಲ್ಲಿಯೇ ಈ ಕಥೆಯ ಬಲು ದುಃಖದ ಭಾಗವಿರುವುದು. ರೋಗವು ಎಲ್ಲಿದೆ, ಎಷ್ಟಿದೆ ಎಂದು ಹೇಳಬಲ್ಲ ವೈದ್ಯನಿಗೆ ಅದನ್ನು ಗುಣಪಡಿಸುವ ದಾರಿಯು ಸ್ವಲ್ಪವೂ ತಿಳಿದಿರಲಿಲ್ಲ. ಸಮುದ್ರದ ಗಾಳಿಯು ಕ್ಷಯಕ್ಕೆ ಹಿತವೆಂದು ನಂಬಿದ ಲೆನೆಕನು ಆಸ್ಪತ್ರೆಯ ಕೊಠಡಿಯಲ್ಲಿ ಸಮುದ್ರದ ಪಾಚಿಯನ್ನು ಹರಡಿಸಿ ನೋಡಿದನು. ಉಳಿದವರು ಜಿಗಣೆಗಳನ್ನು ಹಚ್ಚಿದರು, ನರವನ್ನು ಕೊಯ್ದು ರಕ್ತವನ್ನು ಹರಿಸಿದರು, ಕತ್ತೆಯ ಹಾಲನ್ನೂ ಮೀನಿನ ಎಣ್ಣೆಯನ್ನೂ ಕುಡಿಸಿದರು. ಪಿಯೇರ್ ಲೂಯಿ ಎಂಬ ಪ್ಯಾರಿಸಿನ ವೈದ್ಯನು ನ್ಯುಮೋನಿಯಾ ರೋಗಿಗಳ ಲೆಕ್ಕವನ್ನು ತಾಳ್ಮೆಯಿಂದ ಇಟ್ಟು, ರಕ್ತವನ್ನು ತೆಗೆಯುವುದರಿಂದ ಹೇಳಿಕೊಳ್ಳುವಷ್ಟು ಲಾಭವೇನೂ ಇಲ್ಲವೆಂದು 1835ರಲ್ಲಿ ತೋರಿಸಿದನು. ಆದರೂ ಆ ಪದ್ಧತಿಯು ಬಹುಕಾಲ ನಿಲ್ಲಲಿಲ್ಲ.

ಕ್ಷಯವು ಮನೆತನದ ರೋಗವೆಂದೂ, ರಕ್ತದಲ್ಲಿಯೇ ಇಳಿದು ಬರುವುದೆಂದೂ ಆ ಕಾಲದವರು ನಂಬಿದ್ದರು. ನಮ್ಮಲ್ಲಿಯೂ ಹೆಣ್ಣು ಗಂಡು ನೋಡುವಾಗ “ಆ ಮನೆಯಲ್ಲಿ ಕ್ಷಯವಿದೆ” ಎಂಬ ಒಂದು ಮಾತಿನಿಂದ ಎಷ್ಟು ಸಂಬಂಧಗಳು ಮುರಿದುಹೋಗಿವೆಯೋ ಲೆಕ್ಕವಿಲ್ಲ. ವಿಲ್‌ಮೆನ್ ಎಂಬ ಫ್ರೆಂಚ್ ಸೈನ್ಯದ ವೈದ್ಯನು 1865ರಲ್ಲಿ ರೋಗಿಯ ಶ್ವಾಸಕೋಶದ ಅಂಶವನ್ನು ಮೊಲಗಳಿಗೆ ಚುಚ್ಚಿ, ಅವುಗಳಿಗೂ ಕ್ಷಯವು ಹತ್ತುವುದೆಂದು ತೋರಿಸಿದನು. ಇವನ ಮಾತನ್ನು ನಂಬಿದವರು ಕಡಿಮೆ. ಕೊನೆಗೆ 1882ನೆಯ ಮಾರ್ಚ್ 24ರಂದು ಬರ್ಲಿನ್ ನಗರದ ಒಂದು ಸಣ್ಣ ಸಭೆಯಲ್ಲಿ ರಾಬರ್ಟ್ ಕೋಖ್ ಎದ್ದುನಿಂತು, ಸತ್ತವರಲ್ಲಿ ಏಳಕ್ಕೊಬ್ಬರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಆ ರೋಗದ ಕಾರಣವನ್ನು ಬಯಲುಮಾಡಿದನು. ನೀಲಿ ಬಣ್ಣವನ್ನು ಹಚ್ಚಿ ಸೂಕ್ಷ್ಮದರ್ಶಕ ಯಂತ್ರದಲ್ಲಿ ನೋಡಿದರೆ ಸಣ್ಣ ಕಡ್ಡಿಗಳಂತೆ ಕಾಣುವ ಒಂದು ರೋಗಾಣುವೇ ಎಲ್ಲಕ್ಕೂ ಮೂಲ. ಶಾಪವೂ ಅಲ್ಲ, ರಕ್ತದೋಷವೂ ಅಲ್ಲ. ಆತನು ಮಾತು ಮುಗಿಸಿದಾಗ ಯಾರೊಬ್ಬರೂ ಆಕ್ಷೇಪಣೆಯನ್ನು ಎತ್ತಲಿಲ್ಲವಂತೆ. ಅಂದಿನಿಂದ ರೋಗಿಯ ಕಫವು ಪರೀಕ್ಷೆಯ ವಸ್ತುವಾಯಿತು.

ಎಂಟು ವರ್ಷಗಳ ಮೇಲೆ, 1890ರಲ್ಲಿ, ಕೋಖನು ಟ್ಯೂಬರ್ಕ್ಯುಲಿನ್ ಎಂಬ ಔಷಧವನ್ನು ಕಂಡುಹಿಡಿದೆನೆಂದು ಸಾರಿದಾಗ ದೇಶದೇಶಗಳ ರೋಗಿಗಳು ಬರ್ಲಿನ್ನಿಗೆ ನುಗ್ಗಿದರು. ಅದು ಗುಣಪಡಿಸಲಿಲ್ಲ, ಕೆಲವರಿಗೆ ಕೇಡನ್ನೇ ಮಾಡಿತು. ಆದರೆ ಚರ್ಮಕ್ಕೆ ಚುಚ್ಚಿ, ರೋಗಾಣುವು ಮೈಯಲ್ಲಿ ಎಂದಾದರೂ ಹೊಕ್ಕಿದೆಯೇ ಎಂದು ನೋಡುವ ಪರೀಕ್ಷೆಯಾಗಿ ಅದರ ಒಂದು ಬಗೆಯು ಉಳಿದುಕೊಂಡಿತು. 1895ರ ನವೆಂಬರಿನಲ್ಲಿ ರಾಂಟ್‌ಗೆನ್ ಎಂಬ ಜರ್ಮನ್ ವಿಜ್ಞಾನಿಯು ಕ್ಷ-ಕಿರಣವನ್ನು ಕಂಡುಹಿಡಿದು, ಡಿಸೆಂಬರಿನಲ್ಲಿ ತನ್ನ ಹೆಂಡತಿಯ ಕೈಯ ಎಲುಬುಗಳನ್ನೂ ಬೆರಳಿನ ಉಂಗುರವನ್ನೂ ಚಿತ್ರದಲ್ಲಿ ತೋರಿಸಿದನು. ಎದೆಯ ಗೂಡಿನೊಳಗೆ ಕಣ್ಣನ್ನು ಹಾಯಿಸುವುದು ಅಲ್ಲಿಂದ ಸಾಧ್ಯವಾಯಿತು.

ಔಷಧವಿಲ್ಲದ ಕಾಲದಲ್ಲಿ ಉಳಿದ ದಾರಿಯೆಂದರೆ ಬೆಟ್ಟದ ಗಾಳಿ, ವಿಶ್ರಾಂತಿ ಮತ್ತು ಪುಷ್ಟಿಯಾದ ಊಟ. ಬ್ರೆಮೆರ್ ಎಂಬ ಜರ್ಮನ್ ವೈದ್ಯನು 1850ರ ದಶಕದಲ್ಲಿ ಇದಕ್ಕಾಗಿ ಆರೋಗ್ಯಧಾಮವನ್ನು ಏರ್ಪಡಿಸಿದನು. ಆಮೇಲೆ ಅಂತಹವು ಲೋಕದ ಎಲ್ಲ ಕಡೆಗಳಲ್ಲಿಯೂ ಎದ್ದವು. ಇಟಲಿಯ ಫೊರ್ಲಾನಿನಿಯು ಎದೆಯ ಗೂಡಿಗೆ ಗಾಳಿಯನ್ನು ಚುಚ್ಚಿ, ರೋಗದ ಶ್ವಾಸಕೋಶವನ್ನು ಮುದುಡಿಸಿ ಅದಕ್ಕೆ ವಿಶ್ರಾಂತಿ ಕೊಡುವ ಉಪಾಯವನ್ನು ಹೂಡಿದನು. ಮತ್ತೆ ಕೆಲವರು ಪಕ್ಕೆಲುಬುಗಳನ್ನೇ ಕತ್ತರಿಸಿ ತೆಗೆದರು. ಹಣವಾಗಲಿ ಪದವಿಯಾಗಲಿ ರಕ್ಷಣೆಯನ್ನು ಕೊಡುತ್ತಿರಲಿಲ್ಲ. ಮೈಸೂರು ಅರಮನೆಯ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಈ ರೋಗಕ್ಕೇ ಬಲಿಯಾದರು. ಮೈಸೂರಿನ ಕ್ಷಯರೋಗದ ಆರೋಗ್ಯಧಾಮಕ್ಕೆ ಅವರ ಹೆಸರನ್ನೇ ಇಡಲಾಯಿತು. ಕಮಲಾ ನೆಹರೂ ಅವರು ಹಿಮಾಲಯದ ತಪ್ಪಲಿನ ಭೋವಾಲಿಯಲ್ಲಿಯೂ ಆಮೇಲೆ ಯೂರೋಪಿನಲ್ಲಿಯೂ ಚಿಕಿತ್ಸೆ ಪಡೆದು 1936ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ ಕಣ್ಮುಚ್ಚಿದರು.

ರೋಗವನ್ನು ಗುರುತಿಸುವುದೂ ನಾವೆಣಿಸಿದಷ್ಟು ನಿಸ್ಸಂದೇಹವಾದ ಕೆಲಸವಾಗಿರಲಿಲ್ಲ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರು 1917ರಲ್ಲಿ ಇಂಗ್ಲೆಂಡಿನಲ್ಲಿ ಕಾಯಿಲೆ ಬಿದ್ದಾಗ ಕ್ಷಯವೆಂದೇ ಭಾವಿಸಿ ಅವರನ್ನು ಆರೋಗ್ಯಧಾಮಗಳಲ್ಲಿ ಇರಿಸಿದರು. ಅವರು ಊರಿಗೆ ಹಿಂದಿರುಗಿ 1920ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಬಹುಕಾಲದ ಮೇಲೆ ಅವರ ಕಾಯಿಲೆಯ ವಿವರಗಳನ್ನು ಪರಿಶೀಲಿಸಿದ ವೈದ್ಯರು, ಅದು ಕ್ಷಯವಲ್ಲ, ಅಮೀಬಾ ಎಂಬ ಜಂತುವಿನಿಂದ ಯಕೃತ್ತಿಗೆ ಬಂದ ರೋಗವಾಗಿದ್ದಿರಬಹುದೆಂದು ಅಭಿಪ್ರಾಯಪಟ್ಟಿದ್ದಾರೆ. ಅದು ನಿಜವಾಗಿದ್ದರೆ ಅಂದಿನ ಔಷಧಗಳಿಂದಲೇ ಅವರು ಗುಣವಾಗಬಹುದಾಗಿದ್ದಿತು. ಇದನ್ನು ನೆನೆದರೆ ಮನಸ್ಸು ಕಲಕುತ್ತದೆ.

ನಿಜವಾದ ಔಷಧವು ಬಂದುದು ಮಣ್ಣಿನಿಂದ. ಅಮೆರಿಕದ ನ್ಯೂಜರ್ಸಿಯ ರಟ್ಗರ್ಸ್ ವಿಶ್ವವಿದ್ಯಾನಿಲಯದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ಅಭ್ಯಾಸಮಾಡುತ್ತಿದ್ದ ವಾಕ್ಸ್‌ಮನ್ ಎಂಬ ಪ್ರಾಧ್ಯಾಪಕನ ಶಿಷ್ಯನಾದ ಆಲ್ಬರ್ಟ್ ಶಾಟ್ಸ್ 1943ರಲ್ಲಿ ಸ್ಟ್ರೆಪ್ಟೋಮೈಸಿನ್ ಎಂಬುದನ್ನು ಬೇರ್ಪಡಿಸಿದನು. ಗುರುವಿಗೆ 1952ರಲ್ಲಿ ನೊಬೆಲ್ ಬಹುಮಾನ ಬಂದಿತು; ಶಿಷ್ಯನಿಗೆ ಬರಲಿಲ್ಲ. ಕೋರ್ವಿಸಾರನಂತಹವರು ಅಪರೂಪವೆಂದು ನಾವು ಮೇಲೆ ಹೇಳಿದುದು ಸುಮ್ಮನೆ ಅಲ್ಲ.

ಈ ಔಷಧದ ಪರೀಕ್ಷೆಯ ಕಥೆಯನ್ನು ಗುಳಿಗೆ ನುಂಗುವ ಪ್ರತಿಯೊಬ್ಬರೂ ತಿಳಿದಿರಬೇಕು. ಯುದ್ಧವು ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಸ್ವಲ್ಪವೇ ಸ್ಟ್ರೆಪ್ಟೋಮೈಸಿನ್ ಸಿಗುತ್ತಿದ್ದಿತು. ಅಲ್ಲಿಯ ವೈದ್ಯಕೀಯ ಸಂಶೋಧನ ಮಂಡಲಿಯವರು 107 ಮಂದಿ ಕ್ಷಯರೋಗಿಗಳನ್ನು ಆರಿಸಿ, ಚೀಟಿಯೆತ್ತುವಂತಹ ಕ್ರಮದಿಂದ ಎರಡು ಪಂಗಡಗಳನ್ನಾಗಿ ಮಾಡಿದರು. 55 ಮಂದಿಗೆ ಔಷಧವೂ ವಿಶ್ರಾಂತಿಯೂ ದೊರೆತವು, 52 ಮಂದಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಔಷಧವನ್ನು ಪಡೆದವರಲ್ಲಿ 4 ಮಂದಿ ಸತ್ತರು, ಪಡೆಯದವರಲ್ಲಿ 14 ಮಂದಿ. 1948ರಲ್ಲಿ ಇದು ಪ್ರಕಟವಾದಾಗ ಎಲ್ಲರಿಗೂ ಸಂತೋಷವಾಯಿತು. ಆದರೆ ಐದು ವರ್ಷಗಳ ಮೇಲೆ ಮತ್ತೆ ಲೆಕ್ಕಹಾಕಿ ನೋಡಿದಾಗ ಔಷಧ ಪಡೆದವರಲ್ಲಿ 32 ಮಂದಿಯೂ ಪಡೆಯದವರಲ್ಲಿ 35 ಮಂದಿಯೂ ತೀರಿಕೊಂಡಿದ್ದರು. ಮೊದಲು ಔಷಧಕ್ಕೆ ಸೋತ ರೋಗಾಣುಗಳಲ್ಲಿ ಅಳಿದುಳಿದವು ಅದನ್ನು ತಾಳಿಕೊಳ್ಳುವ ಶಕ್ತಿಯನ್ನು ಪಡೆದು ಮತ್ತೆ ಬೆಳೆದಿದ್ದವು. ಕೀಳದೆ ಬಿಟ್ಟ ನಾಲ್ಕು ಗರಿಕೆಯ ಬೇರುಗಳಿಂದ ಹೊಲವೆಲ್ಲ ಮತ್ತೆ ಗರಿಕೆಯಾಗುವುದನ್ನು ನಮ್ಮ ರೈತರು ಬಲ್ಲರು.

ಒಂದೇ ಔಷಧವನ್ನು ಕೊಡದೆ ಎರಡು ಮೂರನ್ನು ಒಟ್ಟಿಗೆ ಕೊಟ್ಟರೆ ಒಂದರಿಂದ ತಪ್ಪಿಸಿಕೊಂಡ ರೋಗಾಣುವು ಇನ್ನೊಂದಕ್ಕೆ ಸಿಕ್ಕುವುದೆಂದು ವೈದ್ಯರು ಆಗ ಕಲಿತರು. ಸ್ವೀಡನ್ನಿನ ಲೇಮನ್ ಕಂಡುಹಿಡಿದ ಪಿ.ಎ.ಎಸ್. ಎಂಬುದು ಸ್ಟ್ರೆಪ್ಟೋಮೈಸಿನ್ನಿನ ಜೊತೆಗೂಡಿತು. 1952ರಲ್ಲಿ ಐಸೊನಯಾಜಿಡ್ ಬಂದಿತು. ಇದರ ವಿಚಿತ್ರವನ್ನು ಕೇಳಿರಿ: ಪ್ರಾಗ್ ನಗರದಲ್ಲಿ ಇಬ್ಬರು ರಸಾಯನಶಾಸ್ತ್ರಜ್ಞರು ಇದನ್ನು 1912ರಲ್ಲಿಯೇ ತಯಾರಿಸಿದ್ದರು! ಅದು ಕ್ಷಯವನ್ನು ಗುಣಪಡಿಸುವುದೆಂಬುದನ್ನು ಯಾರೂ ಅರಿಯದೆ ನಲವತ್ತು ವರ್ಷಗಳ ಕಾಲ ಅದು ಪುಸ್ತಕದಲ್ಲಿಯೇ ಉಳಿದಿದ್ದಿತು. ಆ ನಲವತ್ತು ವರ್ಷಗಳಲ್ಲಿ ಸತ್ತವರನ್ನು ಎಣಿಸುವವರಾರು? 1960ರ ದಶಕದಲ್ಲಿ ರಿಫಾಂಪಿಸಿನ್ ದೊರೆತ ಮೇಲೆ ಒಂದೂವರೆ ಎರಡು ವರ್ಷಗಳ ಚಿಕಿತ್ಸೆಯನ್ನು ಕ್ರಮವಾಗಿ ಆರು ತಿಂಗಳಿಗೆ ಇಳಿಸುವುದು ಸಾಧ್ಯವಾಯಿತು. ಸಾಧಾರಣವಾದ ಕ್ಷಯಕ್ಕೆ ಮೊದಲು ಎರಡು ತಿಂಗಳು ನಾಲ್ಕು ಔಷಧಗಳನ್ನು ಒಟ್ಟಿಗೆ ಏಕೆ ಕೊಡುವರು, ಕೆಮ್ಮು ನಿಂತು ಮೈ ತುಂಬಿಕೊಂಡ ಮೇಲೂ ಆರು ತಿಂಗಳನ್ನು ಮುಗಿಸಲೇಬೇಕೆಂದು ಏಕೆ ಹಟಹಿಡಿಯುವರು ಎಂಬುದಕ್ಕೆ ಮೇಲಿನ ಲೆಕ್ಕವೇ ಉತ್ತರ.

ಲಸಿಕೆಯ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇವೆ. ಕಾಲ್ಮೆಟ್ ಮತ್ತು ಗೆರಾನ್ ಎಂಬಿಬ್ಬರು ಹದಿಮೂರು ವರ್ಷ ಪಾಡುಪಟ್ಟು ಸಿದ್ಧಪಡಿಸಿದ ಬಿ.ಸಿ.ಜಿ.ಯನ್ನು 1921ರಲ್ಲಿ ಮೊದಲ ಬಾರಿಗೆ ಒಂದು ಕೂಸಿಗೆ ಕೊಟ್ಟರು. ಎಳೆಯ ಮಕ್ಕಳಿಗೆ ಮಿದುಳಿಗೆ ಹತ್ತುವ ಘೋರವಾದ ಕ್ಷಯವನ್ನು ಅದು ತಡೆಯುತ್ತದೆ. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ತಡೆಯುವುದೆಂಬ ಆಸೆಯು ಮಾತ್ರ ಮದರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಆರಂಭವಾದ ದೊಡ್ಡ ಪರೀಕ್ಷೆಯಲ್ಲಿ ಕೈಗೂಡಲಿಲ್ಲ.

ಮದರಾಸಿನ ಹೆಸರು ಬಂದುದರಿಂದ ನಮ್ಮ ಮನೆಗಳಿಗೆ ಎಲ್ಲಕ್ಕಿಂತ ಹತ್ತಿರವಾದ ಸಂಗತಿಯನ್ನು ಈಗ ಹೇಳಬೇಕು. 1956ರಲ್ಲಿ ಆ ನಗರದಲ್ಲಿ ಕ್ಷಯಚಿಕಿತ್ಸೆಯ ಸಂಶೋಧನ ಕೇಂದ್ರವೊಂದು ಏರ್ಪಟ್ಟಿತು. ಅಲ್ಲಿಯ ವೈದ್ಯರು ಬಡರೋಗಿಗಳಲ್ಲಿ ಅರ್ಧ ಮಂದಿಯನ್ನು ಆರೋಗ್ಯಧಾಮದಲ್ಲಿರಿಸಿ ಒಳ್ಳೆಯ ಊಟ ವಿಶ್ರಾಂತಿಗಳೊಡನೆ ಔಷಧವನ್ನು ಕೊಟ್ಟರು. ಉಳಿದವರಿಗೆ ಅದೇ ಔಷಧವನ್ನು ಕೊಟ್ಟು, ಅವರವರ ಇಕ್ಕಟ್ಟಾದ ಮನೆಗಳಲ್ಲಿಯೇ ಬಿಟ್ಟರು. ಮನೆಯಲ್ಲಿದ್ದವರ ಊಟವು ಕಡಿಮೆ, ದುಡಿಮೆಯು ಹೆಚ್ಚು. ಒಂದು ವರ್ಷದ ಮೇಲೆ ನೋಡಿದಾಗ ಎರಡು ಪಂಗಡದವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣಹೊಂದಿದ್ದರು. 1959ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಕಂಡು ಲೋಕದ ವೈದ್ಯರು ಬೆರಗಾದರು. ಆರೋಗ್ಯಧಾಮಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಅದಕ್ಕಿಂತಲೂ ಮುಖ್ಯವಾದುದು ಇನ್ನೊಂದು. ಔಷಧವನ್ನು ಸೇವಿಸುತ್ತ ಮನೆಯಲ್ಲಿಯೇ ಇದ್ದ ರೋಗಿಗಳ ಮನೆಮಂದಿಗೆ, ರೋಗಿಯನ್ನು ಬೇರೆಡೆಗೆ ಕಳುಹಿಸಿದ ಮನೆಯವರಿಗಿಂತ ಹೆಚ್ಚಾಗಿ ರೋಗವು ಹತ್ತಲಿಲ್ಲ. ಹತ್ತುವ ಅಪಾಯವು ಬಹುಮಟ್ಟಿಗೆ ರೋಗವನ್ನು ಗುರುತಿಸುವುದಕ್ಕೆ ಮೊದಲಿನ ದಿನಗಳದು.

ಸೊಸೆಗೆ ಕ್ಷಯವೆಂದು ತಿಳಿದೊಡನೆ ತಟ್ಟೆ ಲೋಟಗಳನ್ನು ಬೇರೆಮಾಡಿ, ಕೂಸನ್ನು ಅವಳ ಕೈಯಿಂದ ತೆಗೆದುಕೊಂಡು, ಅವಳನ್ನು ತವರಿಗೆ ಕಳುಹಿಸಿ ಮತ್ತೆ ಕರೆಸಿಕೊಳ್ಳದ ಮನೆಗಳು ನಮ್ಮಲ್ಲಿ ಇಂದಿಗೂ ಉಂಟು. ಗಂಡನಿಗೆ ಬಂದರೆ ಯಾರೂ ಅವನನ್ನು ಎಲ್ಲಿಗೂ ಕಳುಹಿಸುವುದಿಲ್ಲವೆಂಬುದನ್ನೂ ಗಮನಿಸಬೇಕು. ರೋಗವು ಹರಡುವುದು ಕೆಮ್ಮಿನ ಗಾಳಿಯಿಂದ, ತಟ್ಟೆ ಲೋಟದಿಂದಲ್ಲ. ಔಷಧವು ಆ ರೋಗಾಣುವಿಗೆ ತಗಲುವಂತಹುದಾಗಿದ್ದು, ಅದನ್ನು ಸರಿಯಾಗಿ ಆರಂಭಿಸಿದರೆ ಕೆಲವು ವಾರಗಳಲ್ಲಿಯೇ ಆ ಅಪಾಯವು ಬಹಳ ಇಳಿದುಹೋಗುತ್ತದೆ. ಅಲ್ಲಿಯವರೆಗೆ ಬಾಯಿಗೆ ಬಟ್ಟೆ ಅಡ್ಡ ಹಿಡಿದು ಕೆಮ್ಮುವುದು, ಕಿಟಕಿಗಳನ್ನು ತೆರೆದಿಡುವುದು, ಕಂಡಲ್ಲಿ ಉಗುಳದಿರುವುದು, ಮನೆಯ ಮಕ್ಕಳನ್ನು ಒಮ್ಮೆ ವೈದ್ಯರಿಗೆ ತೋರಿಸುವುದು, ಇಷ್ಟು ಮಾಡಬೇಕು. ಕಾಯಿಲೆಯವಳನ್ನು ಹೊರಗೆ ಹಾಕುವ ಕಾರಣವು 1959ರಲ್ಲಿಯೇ ಹೋಯಿತು.

ಅದೇ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಹಳ್ಳಿಯ ಜನರಿಗೆ ತಿಳಿವಳಿಕೆಯಿಲ್ಲ, ರೋಗ ಬಂದರೂ ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗ ಪಟ್ಟಣದವರ ಸಾಮಾನ್ಯವಾದ ಮಾತಾಗಿದ್ದಿತು. ಆ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ಇದು ನಿಜವೇ ಎಂದು ತುಮಕೂರು ಜಿಲ್ಲೆಯಲ್ಲಿ ಮನೆಮನೆಗೆ ಹೋದವರಿಂದ ವಿಚಾರಿಸಿ ತಿಳಿದರು. 1963ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಕ್ಷಯವಿದ್ದವರಲ್ಲಿ ಬಹುಮಂದಿ ತಮಗೆ ಏನೋ ಆಗಿದೆಯೆಂಬುದನ್ನು ಚೆನ್ನಾಗಿ ಅರಿತಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಸರ್ಕಾರದ ಆಸ್ಪತ್ರೆಗಳಿಗೆ ಹೋಗಿಯೂ ಇದ್ದರು. ಅಲ್ಲಿ ಅವರ ಎದೆಯನ್ನು ತಟ್ಟಿದವರಿಲ್ಲ, ಕಫವನ್ನು ಪರೀಕ್ಷಿಸಿದವರಿಲ್ಲ. ಕೆಮ್ಮಿನ ನೀರೌಷಧದ ಸೀಸೆಯನ್ನು ಕೊಟ್ಟು ಕಳುಹಿಸಿದ್ದರು. ಬಂದ ರೋಗಿಯ ಕೆಮ್ಮನ್ನು ವಿಚಾರಿಸಿ, ಕಫವನ್ನು ಪರೀಕ್ಷಿಸಿ, ಹತ್ತಿರದಲ್ಲಿಯೇ ಔಷಧವನ್ನು ಕೊಡಬೇಕೆಂಬ ಏರ್ಪಾಡು ಇಂತಹ ವಿಚಾರಣೆಗಳಿಂದಲೇ ರೂಪಗೊಂಡು, ಬೆಂಗಳೂರಿನಿಂದ ದೇಶದ ಜಿಲ್ಲೆಗಳಿಗೆ ಹರಡಿತು.

ಎರಡು ವಾರಕ್ಕಿಂತ ಹೆಚ್ಚಾಗಿ ಕೆಮ್ಮು ಇದ್ದರೆ ಕಫವನ್ನು ಪರೀಕ್ಷೆ ಮಾಡಿಸಬೇಕೆಂಬ ನಿಯಮವು ಈಗ ನಮ್ಮ ದೇಶದಲ್ಲಿದೆ. ಸರ್ಕಾರದ ಆಸ್ಪತ್ರೆಗಳಲ್ಲಿ ಪರೀಕ್ಷೆಗೂ ಔಷಧಕ್ಕೂ ಹಣವಿಲ್ಲ. ರೋಗಾಣುವಿನ ಗುರುತನ್ನೂ, ಅದು ರಿಫಾಂಪಿಸಿನ್ನಿಗೆ ಬಗ್ಗುವುದೇ ಇಲ್ಲವೇ ಎಂಬುದನ್ನೂ ಎರಡು ಗಂಟೆಗಳಲ್ಲಿ ಹೇಳುವ ಯಂತ್ರಗಳು 2010ರಿಂದೀಚೆಗೆ ಬಳಕೆಗೆ ಬಂದಿವೆ. ಆದರೂ 2023ರಲ್ಲಿ ಲೋಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಕ್ಷಯದಿಂದ ಸತ್ತರು. ಆ ವರ್ಷ ರೋಗ ಹತ್ತಿದವರಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ನಮ್ಮ ದೇಶದವರು.

ಇನ್ನು ಸೋದರಿಯವರ ಪ್ರಶ್ನೆಯಲ್ಲಿ ಉಳಿದುದು, ಎಕ್ಸ್‌ರೇ ಇರುವಾಗ ತಟ್ಟುವುದೇಕೆ ಎಂಬುದು. ಎಕ್ಸ್‌ರೇ ಯಂತ್ರವು ತಾಲೂಕಿನ ಪಟ್ಟಣದಲ್ಲಿರುತ್ತದೆ, ಬೆರಳು ವೈದ್ಯರ ಕೈಯಲ್ಲಿಯೇ ಇರುತ್ತದೆ. ತಟ್ಟಿದಾಗ ಬಲಗಡೆ ಟೊಳ್ಳು ದನಿ, ಎಡಗಡೆಯ ಕೆಳಭಾಗದಲ್ಲಿ ಕಲ್ಲಿನ ದನಿ ಎಂದು ಕಂಡರೆ ಅಲ್ಲಿ ನೀರು ಸೇರಿರಬಹುದೆಂದು ಒಂದು ನಿಮಿಷದಲ್ಲಿ ಊಹಿಸಿ, ಯಾವ ಚಿತ್ರವನ್ನು ತೆಗೆಯಿಸಬೇಕು, ಎಷ್ಟು ಬೇಗ ಕಳುಹಿಸಬೇಕು ಎಂಬುದನ್ನು ವೈದ್ಯರು ನಿಶ್ಚಯಿಸಬಹುದು. ಶ್ವಾಸಕೋಶದ ನಡುವೆ ಹುದುಗಿರುವ ಸಣ್ಣ ಗಂಟು ಮಾತ್ರ ಬೆರಳಿಗೆ ಸಿಕ್ಕುವುದಿಲ್ಲ. ಅದಕ್ಕೆ ಚಿತ್ರವೇ ಬೇಕು. ಅತ್ತೆಯವರ ವೈದ್ಯರು ತಟ್ಟಿ ನೋಡಿ, ಕೊಳವೆಯಿಟ್ಟು ಕೇಳಿ, ಬೆಳಗಿನ ಕಫವನ್ನೂ ತರಹೇಳಿದರೆಂದು ಸೋದರಿಯವರು ಕಾಗದದ ಕೊನೆಯಲ್ಲಿ ಬರೆದಿದ್ದಾರೆ. ಅವರು ಒಳ್ಳೆಯ ವೈದ್ಯರೆಂದೇ ನಮ್ಮ ಎಣಿಕೆ. ಎದ್ದಕೂಡಲೆ ಬಾಯನ್ನು ನೀರಿನಿಂದ ಮುಕ್ಕಳಿಸಿ, ಮನೆಯ ಹೊರಗೆ ಗಾಳಿಯಾಡುವ ಜಾಗದಲ್ಲಿ ನಿಂತು, ಆಳವಾಗಿ ಉಸಿರೆಳೆದು ಕೆಮ್ಮಿ ತೆಗೆದ ಕಫವನ್ನೇ ಕೊಡಬೇಕು. ಬರಿಯ ಎಂಜಲನ್ನು ಕೊಟ್ಟರೆ ಪರೀಕ್ಷೆಯು ವ್ಯರ್ಥ.

ಗೂರಲು ಕೆಮ್ಮಿನ ವಿಷಯವಾಗಿ ಬರೆದಿರುವ ಮೂವರು ವಾಚಕರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುತ್ತೇವೆ.